ತಮ್ಮನ ಮಗ್ಗದ ಮೇಲಿನ ಗಂಟು

ದೆವ್ವ, ಭೂತದ ಮಾತು ಬಂದರೆ ನಾನು ಎದ್ದು ಹೋಗುವವಳು. ಈಗಲೂ ನಂಬುತ್ತೇನೆಂದು ಹೇಳಲಾರೆ. ಹೋದ ವರ್ಷ ಬನಹಟ್ಟಿಯ ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ನೀವು ಏನಾದರೂ ಅಂದುಕೊಳ್ಳಿ.

ನನ್ನ ತಮ್ಮ ಶಿವಾನಂದ ಪಾವರ್‌ಲೂಮ್ ನೇಯುತ್ತಿದ್ದ, ನಾನು ಅವನಿಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದೆ. ಬಿಡುವಾದಾಗ ಮೊಬೈಲಿನಲ್ಲಿ ಎರಡು-ಮೂರು ನಿಮಿಷದ ದೆವ್ವದ ಸಿನಿಮಾ ಮಾಡುವುದು ಅವನ ಹುಚ್ಚು. ದೆವ್ವದ ಪಾತ್ರಕ್ಕೆ ಪುಕ್ಕಟೆ ಸಿಗುವವಳು ನಾನೊಬ್ಬಳೇ.

“ಅಕ್ಕಾ, ನೀ ದೆವ್ವ ಅದಿ. ಬೀಗರು ಬಂದಂಗ ಯಾಕ ನಗತೀ?” ಎಂದು ಬೈಯುತ್ತಿದ್ದ.

ಇಷ್ಟು ಸಣ್ಣ ಸಿನಿಮಾದಲ್ಲಿ ಕಥೆ ಹೇಳುವುದೇ ಅವನಿಗೆ ಕಷ್ಟವಾಗಿತ್ತು. ದೆವ್ವ ಯಾರು, ಯಾಕೆ ಬಂತು ಎಂದು ಹೇಳುವಷ್ಟರಲ್ಲಿ ಸಮಯ ಮುಗಿಯುತ್ತಿತ್ತು. ಹೇಳದೇ ಬಿಟ್ಟರೆ ನೋಡಿದವರು ಹೆದರುತ್ತಿರಲಿಲ್ಲ, ‘ಏನಾತು?’ ಎಂದು ಕೇಳುತ್ತಿದ್ದರು. ತಲೆ ಕೆಡಿಸಿಕೊಂಡು ಕೊನೆಗೆ ದೆವ್ವವನ್ನೇ ತೆಗೆದುಹಾಕಿದ. ಹೊಸ ಸಿನಿಮಾದಲ್ಲಿ ಇದ್ದದ್ದು ಇಷ್ಟೇ: ಮಗ್ಗದಲ್ಲಿ ಎಳೆಯೊಂದು ಹರಿಯುತ್ತದೆ. ನೇಕಾರ ಮಗ್ಗ ನಿಲ್ಲಿಸಿ ನೀರು ಕುಡಿಯಲು ಹೋಗುತ್ತಾನೆ. ಬಂದು ನೋಡಿದರೆ ಎಳೆಗೆ ಗಂಟು ಹಾಕಿರುತ್ತದೆ. ಮನೆಯಲ್ಲಿ ಬೇರೆ ಯಾರೂ ಇಲ್ಲ.

“ಮುಂದ?” ಎಂದೆ.

“ಮುಂದೇನಿಲ್ಲ. ಮುಂದಿಂದು ನೋಡಿದವರು ಮನಿಗೆ ಒಯ್ದು ಹೆದರ್ಕೋಬೇಕು.”

ಗಂಟು ತೋರಿಸುವ ದೃಶ್ಯವೊಂದು ಉಳಿದಿತ್ತು. ಮುಧೋಳಕ್ಕೆ ಹೋಗಿ ಬರುತ್ತೇನೆಂದು ಬೈಕ್ ಹತ್ತಿದವನು ಜೀವಂತ ತಿರುಗಿ ಬರಲಿಲ್ಲ.

ಕೆಲವು ವಾರಗಳ ಮೇಲೆ ಅವನ ಗೆಳೆಯ ಬಸು ಬಂದ. ಬಸುವಿನದು ಮೊಬೈಲ್ ಅಂಗಡಿ, ನೇಯಲು ಬಾರದು. “ಒಂದ ಶಾಟ್ ಅಕ್ಕಾರ, ಮುಗಿಸೂಣ್ರಿ,” ಎಂದ. ಮರುದಿನ ಆ ಮಗ್ಗವನ್ನು ಕೊಂಡವರು ಬಂದು ಒಯ್ಯುವವರಿದ್ದರು. ಶಿವಾನಂದ ಕೈ ಹಚ್ಚಿದ್ದು ಇದೊಂದಾದರೂ ಪೂರ್ತಿಯಾಗಲಿ ಎಂದು ನನಗೂ ಇತ್ತು.

ಮಧ್ಯಾಹ್ನ ಮಗ್ಗದ ಮೇಲಿನ ಒಂದು ಎಳೆಯನ್ನು ನಾನೇ ಕತ್ತರಿಸಿದೆ. ಗಂಟು ಹಾಕಿ ತೋರಿಸುವುದಷ್ಟೇ ಕೆಲಸ. ಅಷ್ಟರಲ್ಲಿ ಫೋನಿನ ಚಾರ್ಜ್ ಮುಗಿಯಲು ಬಂದಿತ್ತು. ಅದನ್ನು ಪಡಸಾಲೆಯಲ್ಲಿ ಚಾರ್ಜಿಗೆ ಹಾಕಿ ಇಬ್ಬರೂ ಅಲ್ಲೇ ಕುಳಿತು ಚಹಾ ಕುಡಿದೆವು. ಮಗ್ಗದ ಕೋಣೆಗೆ ಹೋಗಲು ಇದ್ದದ್ದು ನಮ್ಮ ಎದುರಿನ ಬಾಗಿಲು ಒಂದೇ.

ತಿರುಗಿ ಹೋದಾಗ ಎಳೆಗೆ ಗಂಟು ಹಾಕಿತ್ತು.

“ಆಗಲೇ ಕಟ್ಟಿಬಿಟ್ರಿ?” ಎಂದ ಬಸು.

“ನಾ ಯಾವಾಗ ಕಟ್ಟೇನೋ? ನಿನ್ನ ಮುಂದ ಕುಂತಿದ್ದೆ.”

“ಹರದ ಎಳಿ ಕಂಡ್ರ ನಿಮ್ಮ ಕೈ ಸುಮ್ಮನ ಇರತಾವನ್ರಿ?”

ಅವನು ಅಂದದ್ದು ಖರೆ. ನೇಕಾರರ ಮನೆಯವರ ಬೆರಳು ಹರಿದ ಎಳೆ ಸಿಕ್ಕರೆ ತಾನಾಗಿಯೇ ಗಂಟು ಹಾಕುತ್ತದೆ, ಮನಸ್ಸಿಗೆ ಗೊತ್ತೂ ಆಗುವುದಿಲ್ಲ. ಎದ್ದು ಬರುವಾಗ ನಾನೇ ಹಾಕಿರಬಹುದೆಂದು ಬಗ್ಗಿ ನೋಡಿದೆ. ನಾನು ಹಾಕಿದ ಗಂಟಿನ ತುದಿಗಳು ಬಲಕ್ಕೆ ಮಲಗುತ್ತವೆ. ಇವು ಎಡಕ್ಕೆ ಮಲಗಿದ್ದವು. ಶಿವಾನಂದ ಎಡಗೈಯವನು.

ನನಗೆ ಹೆದರಿಕೆಯಾಗಲಿಲ್ಲ. ಅವನ ಬೆನ್ನ ಹಿಂದೆ ನಿಂತು ಕೆಲಸ ನೋಡುತ್ತಿದ್ದಾಗ ಇರುತ್ತಿದ್ದ ಹಾಗೆ ಇತ್ತು. ಬಸು ಬಾಗಿಲಿಗೆ ಸರಿದು ನಿಂತ, ಫೋನ್ ನಾನೇ ಹಿಡಿದೆ. ಅದೇ ಗಂಟನ್ನು ಚಿತ್ರೀಕರಿಸಿದೆವು.

ಸಿನಿಮಾ ಈಗ ಹಲವರ ಮೊಬೈಲಿನಲ್ಲಿದೆ. ಜಮಖಂಡಿಯ ಕಾಕಾ ನೋಡಿ, “ಛಲೋ ಆಗೇತಿ. ಆದ್ರ ಗಂಟು ಯಾರು ಹಾಕಿದ್ರು ಅಂತ ತೋರಿಸಬೇಕಿತ್ತವಾ,” ಎಂದರು. ಶಿವಾನಂದನಾಗಿದ್ದರೆ ಗೊತ್ತಿದ್ದೂ ಹೇಳುತ್ತಿರಲಿಲ್ಲ. ನನಗೆ ಗೊತ್ತಿದ್ದರೆ ಅಂದೇ ಹೇಳಿಬಿಡುತ್ತಿದ್ದೆ.