ಐದನೆಯ ಪುಸ್ತಕದ ಗ್ರಹಚಾರ

ಕೇದಾರನ ಕಪಾಟಿನಲ್ಲಿ ನಾಲ್ಕನೆಯ ಪುಸ್ತಕಕ್ಕೂ ಆರನೆಯದಕ್ಕೂ ನಡುವೆ ಎರಡು ಬೆರಳಿನಷ್ಟು ಜಾಗ ಖಾಲಿ. ಹೊಳೆನರಸೀಪುರದ ಆ ಮನೆಯಲ್ಲಿ ಮಿಕ್ಕ ಸಂದಿಗೊಂದಿಯಲ್ಲೆಲ್ಲ ಏನಾದರೊಂದು ತುಂಬಿದೆ: ಹಳೆಯ ಪಂಚಾಂಗ, ಉಪ್ಪಿನಕಾಯಿ ಜಾಡಿ, ದೇವಸ್ಥಾನದ ಮುರಿದ ಛತ್ರಿ. ಒಮ್ಮೆ ಅವನ ತಾಯಿ ಸುಬ್ಬಮ್ಮ ಆ ಖಾಲಿ ಜಾಗಕ್ಕೆ ಊದುಬತ್ತಿ ಪೊಟ್ಟಣ ತುರುಕಿ, ಮಗನ ಮೌನವ್ರತಕ್ಕೆ ಗುರಿಯಾದರು.

ಪುಸ್ತಕಗಳ ಹೆಸರು 'ಟ್ಯಾರನ್ ಗೇಟ್'. ನಮ್ಮ ಕಡೆ ಗೇಟ್ ಅಂದರೆ ರೈಲ್ವೆ ಗೇಟು. ಇದು ಆಕಾಶದ್ದು. ಎಲ್ಲೋ ಪರದೇಶದ ಟಿ.ವಿ.ಯಲ್ಲಿ ಬಂದ ಧಾರಾವಾಹಿಯ ಪಾತ್ರಗಳನ್ನಿಟ್ಟುಕೊಂಡು ಒಬ್ಬೊಬ್ಬರು ಒಂದೊಂದು ಕಾದಂಬರಿ ಬರೆದಿದ್ದರು. ಧಾರಾವಾಹಿ ಹಾಸನಕ್ಕೆ ಬರಲೇ ಇಲ್ಲ. ನಮಗೆ ದರ್ಶನವೂ ಇಲ್ಲ, ದೂರದರ್ಶನವೂ ಇಲ್ಲ, ಬರೀ ಪ್ರಸಾದ.

ಆ ಪ್ರಸಾದಕ್ಕೆ ಸಾಲು ನಿಂತವರು ಇಬ್ಬರೇ. ಹಾಸನದ ಕಾನ್ವೆಂಟಿನಲ್ಲಿ ನನ್ನ ಜೊತೆ ಓದಿದ ಕೇದಾರ, ಮತ್ತು ಬ್ಯಾಂಕ್ ಮ್ಯಾನೇಜರರ ಮಗಳು ಮೈತ್ರೇಯಿ. ಇಬ್ಬರೂ ಕಾಸು ಸೇರಿಸಿ ಕೊಂಡು, ಸರದಿಯಲ್ಲಿ ಓದಿ, ಆಮೇಲೆ ಜಗಳ ಕಾಯುತ್ತಿದ್ದರು. ಕೇದಾರ ತೂತು ಹುಡುಕುವವನು, ಅವಳು ತೇಪೆ ಹಾಕುವವಳು. ಎರಡನೆಯ ಪುಸ್ತಕದಲ್ಲಿ ಗ್ರಹಕ್ಕೆ ಎರಡು ಚಂದ್ರ, ಮೂರನೆಯದರಲ್ಲಿ ಮೂರು. ಹೀಗೇ ಪುಸ್ತಕಕ್ಕೊಂದು ಹುಟ್ಟುತ್ತಾ ಹೋದರೆ ಹುಣ್ಣಿಮೆಗೆ ಸರತಿ ಪಟ್ಟಿ ಬೇಕಾಗುತ್ತೆ ಅಂತ ಇವನು. ಮೂರನೆಯದು ಆವಾಗ ಗ್ರಹದ ಹಿಂದಿತ್ತು, ಬರೆದವನಿಗೆ ಕಾಣಲಿಲ್ಲ ಅಂತ ಅವಳು.

ಆಕಾಶನೌಕೆಯಿಂದ ಲೋಕ ಆಗುವುದಿಲ್ಲ ಎನ್ನುವುದು ಕೇದಾರನ ಸಿದ್ಧಾಂತ. ಮೊದಲ ಪುಸ್ತಕದವನು ಪಾಚಿಯ ಸಾರು ಮಾಡಿಸಿದ್ದರೆ ಮೂರನೆಯವನ ಅಡುಗೆಮನೆಯಲ್ಲೂ ಪಾಚಿಯೇ ಕುದಿಯಬೇಕು. "ಒಬ್ಬ ಹೇಳಿದ ಸುಳ್ಳನ್ನ ಇನ್ನೊಬ್ಬ ನೆನಪಿಟ್ಕೊಂಡ್ರೆ ಅದೇ ಲೋಕ ಕಣೋ," ಅನ್ನುತ್ತಿದ್ದ.

ನಾಲ್ಕನೆಯದರ ಕೊನೆಯಲ್ಲಿ ಪೈಲಟ್ ಹಾರ್ಕಿನ್ ಹಡಗಿನ ಸಮೇತ ಸಿಡಿದು ಸತ್ತ. ಅಂಗಡಿಗೆ ಐದನೆಯದಕ್ಕಿಂತ ಮೊದಲು ಬಂದದ್ದು ಆರನೆಯದು. ಅದರಲ್ಲಿ ಅದೇ ಹಾರ್ಕಿನ್ ಆರಾಮಾಗಿ ಕೂತು ಪಾಚಿ ಸಾರು ಕುಡಿಯುತ್ತಿದ್ದಾನೆ. ಹೇಗೆ ಬದುಕಿದ? ಉತ್ತರ ಐದನೆಯದರಲ್ಲಿರಬೇಕು. ಅದು ಕಡೆಗೂ ಸಿಕ್ಕ ದಿನ ಓದುವ ಸರದಿ ಮೈತ್ರೇಯಿಯದು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಪುಸ್ತಕವನ್ನು ಎದೆಗೊತ್ತಿಕೊಂಡು ಅವಳು ಹೇಳಿದ ಮಾತಿಗೆ ನಾನೇ ಸಾಕ್ಷಿ.

"ಸೋಮವಾರ ನಾನೇ ಬಂದು ಹೇಳ್ತೀನಿ. ಅಲ್ಲೀವರೆಗೂ ಊಹೆ ಮಾಡ್ತಿರು."

ಶನಿವಾರ ಅವರ ಮನೆ ಮುಂದೆ ಲಾರಿ ಬಂತು. ಅವಳಪ್ಪನಿಗೆ ಎಲ್ಲೋ ಉತ್ತರಕ್ಕೆ ವರ್ಗ. ಕೇದಾರನ ಪ್ರಶ್ನೆಯೂ ಉತ್ತರಕ್ಕೇ ಹೋಯಿತು. ವಿಳಾಸ ಕೇಳುವಷ್ಟು ಬಾಯಿ ಅವನಿಗಿರಲಿಲ್ಲ. ಇದ್ದ ಬಾಯೆಲ್ಲ ಚಂದ್ರರ ವಿಷಯಕ್ಕೇ ಖರ್ಚಾಗಿತ್ತು.

ಅವನು ಊಹೆ ಮಾಡುತ್ತಲೇ ಇದ್ದ. ಊರಿನ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರಾದ, ಕನ್ನಡಕ ದಪ್ಪವಾಯಿತು, ಹೆಣ್ಣಿನ ಕಡೆಯವರು ಬಂದು ಹೋದರು. "ಹುಡುಗಿ ಜಾತಕದಲ್ಲಿ ಗ್ರಹಗಳೆಲ್ಲ ಸರಿಯಾಗೇ ಇವೆ. ಇವನ ತಲೇಲಿರೋ ಗ್ರಹದ್ದೇ ಕಾಟ," ಅಂತ ಸುಬ್ಬಮ್ಮ ನನ್ನ ಹತ್ತಿರ ಹೇಳಿಕೊಂಡರು.

ಅರ್ಚಕರಾದ ಅವನಪ್ಪ ಚನ್ನಕೇಶವಯ್ಯನವರಿಗೆ ಸತ್ತ ಹಾರ್ಕಿನ್ ಎದ್ದು ಕೂತದ್ದು ಸಮಸ್ಯೆಯೇ ಅಲ್ಲ. ಒಂದು ಪುರಾಣದಲ್ಲಿ ಗಣಪತಿ ಬ್ರಹ್ಮಚಾರಿ, ಇನ್ನೊಂದರಲ್ಲಿ ಇಬ್ಬರು ಹೆಂಡಿರು. ನಾವೇನು ತಲೆ ಕೆಡಿಸಿಕೊಂಡೆವೆ? "ಕಲ್ಪಭೇದ ಕಣೋ. ಅದು ಆ ಕಲ್ಪದಲ್ಲಿ ನಡೀತು, ಇದು ಈ ಕಲ್ಪದಲ್ಲಿ. ಎರಡೂ ನಿಜವೇ." ಅದು ಸೋಮಾರಿಗಳ ಉತ್ತರ, ಕಪೋಲಕಲ್ಪಭೇದ ಅಂತ ಮಗ ರೇಗುತ್ತಿದ್ದ. ನಡೆದದ್ದಕ್ಕೆ ಇದೇ ಲೋಕದಲ್ಲಿ ಕಾರಣ ಸಿಗಬೇಕು, ಮೈತ್ರೇಯಿ ಇದ್ದಿದ್ದರೆ ಹುಡುಕಿರುತ್ತಿದ್ದಳು ಅನ್ನುತ್ತಿದ್ದ.

ಎರಡು ಸಾವಿರದ ನಾಲ್ಕರಲ್ಲಿ ಒಂದು ದಿನ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಹಳೇ ಪುಸ್ತಕ ಮಾರುವ ರುದ್ರಯ್ಯ ನನ್ನನ್ನು ಕರೆದ. "ತಗಳಿ ಸಾ, ಇದ್ರಲ್ಲಿ ಗಾಡಿ ಆಕಾಸದ ಮೇಲೇ ಓಗ್ತದೆ, ಗುಂಡೀನೇ ಇಲ್ಲ ಕಣ." ನೋಡಿದರೆ ಐದನೆಯದು. ನಾನು ಹೊರಟಿದ್ದ ಅರಕಲಗೂಡಿನ ಮದುವೆಯೂಟ ಬಿಟ್ಟು ನೇರ ಹೊಳೆನರಸೀಪುರದ ಬಸ್ಸು ಹತ್ತಿದೆ.

ಕೇದಾರ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಹೊಳೆಯ ಮೆಟ್ಟಿಲ ಮೇಲೆ ಕೂತು ಮಧ್ಯಾಹ್ನವೆಲ್ಲ ಓದಿದ. ನಾನು ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಾ ಅವನ ಮುಖವನ್ನೇ ಓದಿದೆ. ಕೊನೆಯ ಹಾಳೆ ಮುಗಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ ಒಂದು ಪುಟ ತೋರಿಸಿದ. ಹಾರ್ಕಿನ್ ಬಾಗಿಲು ತಳ್ಳಿಕೊಂಡು ಬರುತ್ತಾನೆ, ತಡವಾಯಿತು ಅನ್ನುತ್ತಾನೆ, ಕೂರುತ್ತಾನೆ. ಅಷ್ಟೇ. ಬರೆದವನು ನಾಲ್ಕನೆಯದನ್ನು ಓದಿಯೇ ಇರಲಿಲ್ಲ.

ನನಗೆ ನಗು ಬಂತು, ಅವನಿಗೆ ಬರಲಿಲ್ಲ.

"ಅವಳಿಗೆ ಅವತ್ತೇ ಗೊತ್ತಾಗಿರುತ್ತೆ," ಅಂದ. "ಹೇಳೋಕೆ ಏನೂ ಇಲ್ಲ ಅಂತ."

ಇನ್ನೂ ತೇಪೆ ಹೊಲೀತಿರಬೇಕು ಬಿಡೋ ಅಂದೆ. ಅವನು ಪುಸ್ತಕ ಮುಚ್ಚಿ ಹೊಳೆಯ ಕಡೆ ತಿರುಗಿದ.

"ಅಪ್ಪ ಹೇಳೋದೇ ಸರಿ ಅಂತಿಟ್ಕೋ. ಇನ್ನೊಂದು ಕಲ್ಪದಲ್ಲಿ ಆ ಲಾರಿ ಶನಿವಾರ ಬರಲಿಲ್ಲ. ಸೋಮವಾರ ಅವಳು ಬಂದ್ಲು."

ದೇವಸ್ಥಾನದ ಸಂಜೆಯ ಗಂಟೆ ಕೇಳಿಸಿತು. ಕೇದಾರ ಎದ್ದು ಪಂಚೆಯ ಧೂಳು ಕೊಡವಿಕೊಂಡ. ಕಪಾಟಿನ ಖಾಲಿ ಜಾಗ ಇವತ್ತು ತುಂಬುತ್ತದೆ ಅಂದುಕೊಂಡು ನಾನೂ ಎದ್ದೆ. ಅವನು ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿದ.

"ಇದು ನಿಂದು, ನೀನೇ ಇಟ್ಕೋ. ನಮ್ದು ಅವಳ ಹತ್ರ ಇದೆ."