ಬೆನ್ನ ಹಿಂದೆ ಕೈ

ನಮ್ಮ ಶಾಲೆಯ ಲೆಕ್ಕದ ಟೀಚರ್ ಎಂದರೆ ನನಗೆ ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಹೆಸರಿಗೆ ಹೆಡ್ಮಾಸ್ಟರ್ ನಾನು. ಅವರೆದುರು ನಿಂತರೆ ಮಾತ್ರ ಹೋಂವರ್ಕ್ ಮಾಡದೆ ಬಂದ ಹುಡುಗನಾಗಿಬಿಡುತ್ತಿದ್ದೆ. ಐವತ್ತು ದಾಟಿದ ಹೆಂಗಸು, ಕೈಯಲ್ಲೊಂದು ಹಳೇ ಸ್ಟೀಲ್ ಡಬ್ಬಿ. ಅದರಲ್ಲಿ ಊಟವಲ್ಲ, ಮೊಂಡು ಪೆನ್ಸಿಲ್‌ಗಳು. ಇಪ್ಪತ್ತಾರು ವರ್ಷದಲ್ಲಿ ಒಂದು ಮಗುವನ್ನೂ ದಡ್ಡ ಎಂದವರಲ್ಲ. ಆ ಮಾತನ್ನು ನನಗಷ್ಟೇ ಹೇಳುತ್ತಿದ್ದರು, ಅದೂ ಕಣ್ಣಿನಲ್ಲೇ.

ಆ ವರ್ಷ ಏಳನೇ ತರಗತಿಯಲ್ಲಿ ಜೆರಾಕ್ಸ್ ಅಂಗಡಿಯವರ ಮಗಳು ಭಿನ್ನರಾಶಿಯಲ್ಲಿ ಮುಗ್ಗರಿಸುತ್ತಲೇ ಇದ್ದಳು. ಎರಡು ಪರೀಕ್ಷೆ ಹೋಗಿತ್ತು. ಅವಳ ಅಪ್ಪ ನನ್ನ ಕೋಣೆಗೆ ಬಂದು ಕಡ್ಡಿ ಮುರಿದ ಹಾಗೆ ಹೇಳಿದರು: "ವರ್ಷದ ಕೊನೇಲೂ ಫೇಲಾದ್ರೆ ಸಾಕು ಸಾರ್, ಅಂಗಡೀಲಿ ಕೂರಿಸ್ಕೋತೀನಿ. ಸ್ಕೂಲು ಇಲ್ಲಿಗೇ ಮುಗೀತು."

ಟೀಚರ್ ಅವಳನ್ನು ತರಗತಿಗೇ ಫಸ್ಟ್ ಬರುವ ಹುಡುಗಿಯ ಪಕ್ಕ ಕೂರಿಸಿದರು. ದಿನಕ್ಕೆ ಇಪ್ಪತ್ತು ನಿಮಿಷ ಮಕ್ಕಳಿಗೆ ಮಕ್ಕಳೇ ಹೇಳಿಕೊಡಬೇಕು. ತಿಂಗಳು ಕಳೆಯುವಷ್ಟರಲ್ಲಿ ನೋಟ್‌ಬುಕ್ಕಿನಲ್ಲಿ ಒಂದು ತಪ್ಪೂ ಇಲ್ಲ. ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಎರಡು.

"ಪುಸ್ತಕ ಪಾಸಾಯ್ತು, ಹುಡುಗಿ ಫೇಲು," ಎಂದೆ. ಆಗ ಖುಷಿಯಿಂದಲೇ ಅಂದಿದ್ದೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಟೀಚರ್ ಜಗ್ಗಲಿಲ್ಲ. ನೋಟ್‌ಬುಕ್ ತೆರೆದು ಏಳರ ಅಂಕಿಗಳ ಮೇಲೆ ಬೆರಳಿಟ್ಟರು. ನಡುವೆ ಗೆರೆ ಎಳೆದ ಏಳು. ಅದು ಫಸ್ಟ್ ಬರುವವಳ ಕೈಬರಹ.

"ತಪ್ಪು ನಂದೇ ಸಾರ್. ಅವಳು ಪಟಪಟ ಬರೀತಾಳೆ, ಇವಳು ನೋಡ್ಕೊಂಡು ಕೂರ್ತಾಳೆ, ಇಲ್ಲಾ ಹಾಗೇ ಕಾಪಿ ಇಳಿಸ್ತಾಳೆ. ಇವರಪ್ಪ ಅಂಗಡಿಗೆ ಕರೆಯೋಕೆ ಮುಂಚೆ ನಾನೇ ಇವಳನ್ನ ಜೆರಾಕ್ಸ್ ಮಷೀನ್ ಮಾಡ್ಬಿಟ್ಟೆ."

ಮರುದಿನದಿಂದ ಹೊಸ ಕಾನೂನು: ಹೇಳಿಕೊಡುವವರ ಎರಡೂ ಕೈ ಬೆನ್ನ ಹಿಂದೆ. ಪೆನ್ಸಿಲ್ ಕಲಿಯುವವರದ್ದು, ರಬ್ಬರೂ ಅವರದ್ದೇ. ಜೊತೆಗಾರನೂ ಬದಲಾದ. ಸಲೂನಿನವರ ಮಗ, ಬಾಯಿ ಮುಚ್ಚದ್ದಕ್ಕೆ ಎಲ್ಲರೂ 'ರೇಡಿಯೋ' ಎನ್ನುತ್ತಿದ್ದ ಹುಡುಗ.

"ಹನ್ನೊಂದು ಮಾರ್ಕ್ಸ್ ತಗೊಂಡವನು ಏನ್ರೀ ಹೇಳಿಕೊಡ್ತಾನೆ?"

"ಫಸ್ಟ್ ಬರೋಳಿಗೆ ಎಲ್ಲಿ ಎಡವ್ತಾರೆ ಅಂತಾನೇ ಗೊತ್ತಿಲ್ಲ ಸಾರ್. ಇವನು ಮೊನ್ನೆ ತಾನೇ ಅಲ್ಲೇ ಬಿದ್ದು ಎದ್ದಿದಾನೆ."

ಒಂದು ದಿನ ಕಿಟಕಿಯ ಹೊರಗೆ ನಿಂತು ಕಿವಿಗೊಟ್ಟೆ.

"ನಾಲ್ಕರಲ್ಲೊಂದು ದೊಡ್ಡದಾ, ಮೂರರಲ್ಲೊಂದಾ?" ರೇಡಿಯೋ ಕೇಳಿದ.

"ನಾಲ್ಕರಲ್ಲೊಂದು. ನಾಲ್ಕೇ ಅಲ್ವಾ ದೊಡ್ಡದು?"

ಬೆನ್ನ ಹಿಂದೆ ಅವನ ಬೆರಳುಗಳು ಒದ್ದಾಡಿದವು. "ಹೌದಮ್ಮ, ನಾನೂ ಹಂಗೇ ಬರೆದು ಬೈಸ್ಕೊಂಡೆ. ಈ ಬೆಂಚಲ್ಲಿ ನಾಲ್ಕು ಜನ ಕೂತ್ರೆ ನಿಂಗೆ ಜಾಸ್ತಿ ಜಾಗ ಸಿಗುತ್ತಾ, ಮೂರು ಜನ ಕೂತ್ರಾ?"

ಅವಳು ಬೆಂಚು ನೋಡಿದಳು. "ಮೂರು ಜನ ಕೂತ್ರೆ."

"ಮತ್ತೆ?"

ಅವಳೇ ರಬ್ಬರ್ ಎತ್ತಿಕೊಂಡಳು.

ವರ್ಷದ ಕೊನೆಯ ಲೆಕ್ಕದ ಪರೀಕ್ಷೆಗೆ ಮೇಲ್ವಿಚಾರಕ ನಾನೇ. ಅರ್ಧ ಗಂಟೆ ಕಳೆದಿರಬೇಕು, ಅವಳ ಪೆನ್ಸಿಲ್ ನಿಂತುಬಿಟ್ಟಿತು. ಆರರಲ್ಲೊಂದು ದೊಡ್ಡದೋ, ಐದರಲ್ಲೊಂದೋ? ಆರರಲ್ಲೊಂದು ಎಂದು ಬರೆದಿದ್ದಳು. ಆ ಮಗು ಅಂಗಡಿಯಲ್ಲಿ ಕೂರುವುದು ನನಗೆ ಬೇಕಿರಲಿಲ್ಲ, ಸುಳ್ಳೇಕೆ ಹೇಳಲಿ. ನನ್ನ ಬೆರಳು ತಾನಾಗಿ ಅವಳ ಹಾಳೆಯ ಕಡೆ ಹೊರಟಿತು.

ಬಾಗಿಲಲ್ಲಿ ಯಾರೋ ಕೆಮ್ಮಿದರು. "ಸಾರ್, ಕೈ," ಎಂದರು ಟೀಚರ್, ಮೆಲ್ಲಗೆ.

ಹೆಡ್ಮಾಸ್ಟರ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ. ಹುಡುಗಿ ತಾನು ಕೂತ ಬೆಂಚನ್ನು ಆ ತುದಿಯಿಂದ ಈ ತುದಿಗೆ ನೋಡಿದಳು, ತುಟಿಯಲ್ಲೇ ಏನೋ ಎಣಿಸಿದಳು, ಬರೆದದ್ದನ್ನು ಅಳಿಸಿದಳು.

ಇಪ್ಪತ್ತೈದಕ್ಕೆ ಹದಿನಾರು ಬಂತು. ಅವಳ ಅಪ್ಪನನ್ನು ನಾನೇ ಕರೆಸಿದೆ. "ಅಂಗಡಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ, ಇವಳು ಎಂಟನೇ ಕ್ಲಾಸು," ಎಂದೆ. ಅವರು ಹಾಳೆಯನ್ನು ಎರಡು ಸಲ ನೋಡಿ, ಮಗಳ ತಲೆ ಮೇಲೆ ಕೈಯಿಟ್ಟರು.

ಮಗಳ ಗಮನ ಅಲ್ಲಿರಲಿಲ್ಲ. ಅವಳು ಟೀಚರ್ ಕಡೆ ತಿರುಗಿ ನಿಂತಿದ್ದಳು. ಎರಡೂ ಕೈ ಆಗಲೇ ಬೆನ್ನ ಹಿಂದೆ.

"ಟೀಚರ್, ಮುಂದಿನ ವರ್ಷ ನಾನು ಯಾರಿಗೆ ಹೇಳಿಕೊಡ್ಲಿ?"