ಜೆಸಿಬಿ ಒಡೆದ ಕಾಯಿ

"ಫ್ಯಾನ್ ಕಡಿಮಿ ಮಾಡ್ರಿ, ಥಂಡಿ ಆಗಾಕತ್ತೈತಿ." ನನ್ನ ಹೆಂಡತಿಯ ಕಡೇ ಮಾತು ಇಷ್ಟೇ. ಅವಳು ತೀರಿ ತಿಂಗಳು ತುಂಬುವ ಮೊದಲೇ ನಾನು ಮತ್ತೆ ಜೆಸಿಬಿ ಹತ್ತಿದೆ. ಮನೆಯಲ್ಲಿ ಕುಂದ್ರಾಕ ಆಗಲಿಲ್ಲ.

ಸಂಡೂರಿನ ಗುಡ್ಡದಲ್ಲಿ ಹಳ್ಳಕ್ಕೊಂದು ಸೇತುವೆ ಕಟ್ಟುತ್ತಿದ್ದರು. ಹಿಂದೆ ಕಟ್ಟಿಗೆ ಸಾಗಿಸುತ್ತಿದ್ದ ಕಾಡುದಾರಿಯಲ್ಲಿ ಕಬ್ಬಿಣದ ತೊಲೆಯನ್ನು ಸರಪಳಿ ಕಟ್ಟಿ ಮೇಲಕ್ಕೆ ಎಳೆಯಬೇಕಿತ್ತು. ಕಡಿದಾದ ತಿರುವಿನಲ್ಲಿ ಕುಂಕುಮ ಹಚ್ಚಿದ ದೇವರ ಕಲ್ಲು. ಅಲ್ಲಿ ಒಬ್ಬ ಮುದುಕಿ ಕಾಯಿ ಹಿಡಿದು ಅಡ್ಡ ನಿಂತಳು.

"ಕಾಯಿ ಒಡದು ಹೋಗಪ್ಪ. ಹೋದ ಸಲ ಒಡೀಲಿಲ್ಲ, ತೊಲಿ ಕಣಿವಿಗೆ ಬಿತ್ತು. ಮಳಿ ಹಿಡದ್ರ ಹಳ್ಳ ದಾಟಾಕ ಬರಂಗಿಲ್ಲ. ನನ್ನ ಮಗಳು ಬಸುರಿ ಅದಾಳ."

"ಹೆಂಡ್ತಿ ತೀರಿ ವರ್ಷ ಆಗೂತನ ನಾ ಕಾಯಿ ಒಡಿಯಂಗಿಲ್ಲವ್ವ. ನೀನ ಒಡಿ."

"ನಾ ಗಂಡ ಸತ್ತಾಕಿ. ನಾನೂ ಒಡಿಯಂಗಿಲ್ಲ."

ಇಬ್ಬರೂ ಕಾಯಿ ನೋಡುತ್ತ ನಿಂತೆವು. ಆಮೇಲೆ ಅವಳು ನನ್ನ ಗಾಡಿ ಕಡೆ ತಿರುಗಿ ಅಂದಳು, "ಇದರ ಮನ್ಯಾಗ ಯಾರೂ ಸತ್ತಿಲ್ಲಲ್ಲ?"

ಕಾಯಿಯನ್ನು ಕಲ್ಲಿನ ಮುಂದೆ ಇಟ್ಟಳು. ನಾನು ಗಾಡಿ ಹತ್ತಿ, ಮಣ್ಣು ಎತ್ತುವ ಅದರ ಬಕೆಟ್ಟನ್ನು ಮೆಲ್ಲಗೆ ಇಳಿಸಿದೆ. ಟಪ್ಪಂತ ಎರಡು ಹೋಳು! ಮುದುಕಿ ಚಪ್ಪಾಳೆ ತಟ್ಟಿ, ಒಂದು ಹೋಳು ನನ್ನ ಕೈಗಿಟ್ಟಳು. ತೊಲೆ ತಿರುವು ದಾಟಿತು. ಹಳ್ಳ ಮುಟ್ಟಿತು. ಹಾರನ್ ಒತ್ತಿದ್ದೇ ಒತ್ತಿದ್ದು, ಗುಡ್ಡಕ್ಕೆಲ್ಲ ಕೇಳಿಸಿರಬೇಕು.

ಮರುದಿನ ಮುಂಜಾನೆ, ಮೊದಲ ಸಲ ನಾನೇ ಒಲೆ ಹಚ್ಚಿ ರೊಟ್ಟಿ ಸುಟ್ಟೆ, ಆ ಹೋಳು ತುರಿದು ಚಟ್ನಿ ಅರೆದೆ. ಉಪ್ಪು ಭಾಳ ಆಗಿತ್ತು. ಪೂರಾ ತಿಂದೆ.